ಬಾಟಲಿಯ ಭುಜದ ಮೇಲಿನ ಗೆರೆ

ಮನೆಯಿಂದ,
ಇಪ್ಪತ್ತೊಂದನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಸೊಂಟದ ನೋವು ಹೇಗಿದೆ? ಎಂಜಿನ್ ಕೋಣೆಯ ಸೆಕೆಯಿಂದ ಮೇಲೆ ಬಂದವರೇ ಬೆವರು ಆರುವ ಮೊದಲೇ ತಣ್ಣೀರು ಸುರಿದುಕೊಳ್ಳುವ ಚಾಳಿ ಬಿಟ್ಟಿದ್ದೀರೋ ಇಲ್ಲವೋ? ಕಿವಿಗೆ ಹತ್ತಿ ಇಟ್ಟುಕೊಳ್ಳಿ, ಮರೆಯಬೇಡಿ. ಇದನ್ನೆಲ್ಲ ಕೇಳುವ ಹೊತ್ತಾ ಇದು ಅಂತ ನಿಮಗೆ ಅನ್ನಿಸಬಹುದು. ಆದರೆ ನಾನು ಆರೋಗ್ಯ ವಿಚಾರಿಸಬೇಕಾದವರು ಈಗ ನೀವೊಬ್ಬರೇ ಉಳಿದಿದ್ದೀರಿ, ಅದಕ್ಕೇ ಇಬ್ಬರದ್ದೂ ಸೇರಿಸಿ ನಿಮ್ಮನ್ನೇ ಕೇಳುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ ಅಂತ ಬರೆಯಲು ಕೈ ಬರುತ್ತಿಲ್ಲ. ಊಟ ಮಾಡುತ್ತಿದ್ದೇನೆ, ಹೊಲಿಗೆ ಅಂಗಡಿಗೆ ಹೋಗಿ ಗುಂಡಿ ಹೊಲಿಯುತ್ತಿದ್ದೇನೆ. ಅಷ್ಟು ಸಾಕು ಅಂದುಕೊಳ್ಳಿ.

ಚಿಕ್ಕಪ್ಪ ಹಡಗಿನ ಕಚೇರಿಗೆ ಫೋನ್ ಮಾಡಿ ನಿಮಗೆ ಸುದ್ದಿ ಮುಟ್ಟಿಸಿದಾಗ ‘ನಿನ್ನ ತಮ್ಮನಿಗೆ ಎದೆ ನಿಂತುಹೋಯಿತು’ ಅಂದರಂತೆ. ಆಮೇಲೆ ನೀವು ನನ್ನ ಜೊತೆ ಮಾತಾಡಿದಾಗ ನಾನೂ ಅದನ್ನು ತಿದ್ದಲಿಲ್ಲ. ಲೈನು ಕತ್ತರಿಸಿ ಕತ್ತರಿಸಿ ಬರುತ್ತಿತ್ತು, ನಿಮ್ಮ ಬೆನ್ನ ಹಿಂದೆ ನಾಲ್ಕು ಜನ ನಿಂತಿರುತ್ತಾರೆ ಅಂತ ಗೊತ್ತಿತ್ತು, ನೀವು ‘ಹೂಂ, ಹೂಂ’ ಅನ್ನುತ್ತಲೇ ಇದ್ದಿರಿ, ಅಳುತ್ತಿದ್ದೀರೋ ಕೇಳಿಸುತ್ತಿಲ್ಲವೋ ತಿಳಿಯಲಿಲ್ಲ. ಕಡಲ ಮಧ್ಯೆ ಇರುವ ಮನುಷ್ಯನಿಗೆ ಅರ್ಧಂಬರ್ಧ ಹೇಳಿ ಫೋನ್ ಇಡುವುದಕ್ಕಿಂತ ಕೂತು ಬರೆಯುವುದೇ ವಾಸಿ ಅನ್ನಿಸಿತು. ನಿಮ್ಮ ಹಡಗಿನ ಅಡುಗೆಯವರು ರಜೆ ಮುಗಿಸಿ ಮುಂದಿನ ಬಂದರಿನಲ್ಲಿ ನಿಮ್ಮನ್ನು ಸೇರುತ್ತಾರಂತೆ. ಇವತ್ತು ಮಧ್ಯಾಹ್ನ ಬಂದು ಈ ಕಾಗದ ತೆಗೆದುಕೊಂಡು ಹೋಗುತ್ತೇನೆ ಅಂದಿದ್ದಾರೆ. ಅಷ್ಟರೊಳಗೆ ಎಲ್ಲ ಬರೆಯಬೇಕು. ಒಬ್ಬರೇ ಇರುವಾಗ ಓದಿ.

ನಮ್ಮ ಪೀಚುಗೆ ಎದೆಯ ಕಾಯಿಲೆ ಇರಲಿಲ್ಲ. ಕರೆಂಟ್ ಹೊಡೆದು ಸತ್ತ. ನಾನು ಎದುರಿಗೇ ಇದ್ದೆ.

ಇಷ್ಟು ಬರೆದು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಇನ್ನು ಮೊದಲಿನಿಂದ ಹೇಳುತ್ತೇನೆ. ನೀವು ಹೋದ ಮೇಲೆ ಈ ಎಂಟು ತಿಂಗಳಲ್ಲಿ ಅವನು ಎಷ್ಟು ಬದಲಾಗಿದ್ದ ಅಂತ ನಿಮಗೆ ಗೊತ್ತಿಲ್ಲ. ಸ್ಟುಡಿಯೋದಲ್ಲಿ ಬರೀ ದೀಪ ಹೊರುತ್ತಿದ್ದವನಿಗೆ ಯಜಮಾನರು ಕ್ಯಾಮೆರಾನೂ ಕೊಟ್ಟಿದ್ದರು. ಒಂದು ವೈನ್ ಕಂಪನಿಯ ಕೆಲಸ ಬಂದಿತ್ತು. ಅವರ ಬಾಟಲಿಗಳನ್ನು ಒಂದೊಂದಾಗಿ ಚೆಂದಗೆ ಜೋಡಿಸಿ, ಬೆಳಕು ಹಾಕಿ ಫೋಟೋ ತೆಗೆಯುವುದು. ಯಜಮಾನರಿಗೆ ಮುಖಗಳ ಫೋಟೋ ಒಲಿದಿತ್ತು, ಗಾಜು ಒಲಿದಿರಲಿಲ್ಲ. ಪೀಚು ಅದಕ್ಕೆ ಹುಚ್ಚು ಹಿಡಿದವನಂತೆ ಅಂಟಿಕೊಂಡ. ಸಂಜೆ ಬಂದವನೇ ನನ್ನ ಅಡುಗೆಮನೆಯ ಮೇಜು ಖಾಲಿ ಮಾಡಿಸಿ, ಎಣ್ಣೆ ಬಾಟಲಿ, ಕೆಮ್ಮಿನ ಔಷಧಿ ಬಾಟಲಿ, ನಿಮ್ಮ ಶೇವಿಂಗ್ ಲೋಷನ್ ಬಾಟಲಿ ಎಲ್ಲ ಸಾಲಾಗಿ ನಿಲ್ಲಿಸಿ, ಟಾರ್ಚ್ ಮುಂದೆ ಎಣ್ಣೆಕಾಗದ ಹಿಡಿದು ತಲೆ ಆ ಕಡೆ ಈ ಕಡೆ ಓಲಾಡಿಸುತ್ತಾ ನೋಡುತ್ತಿದ್ದ. ಅಡುಗೆ ಯಾವಾಗ ಮಾಡಲಿ ಮಾರಾಯ ಅಂತ ನಾನು ರೇಗಿದರೆ, ‘ಒಂದೇ ನಿಮಿಷ ಅತ್ತಿಗೆ, ಎಣ್ಣೆಗೆ ಈಗಷ್ಟೇ ಜೀವ ಬರ್ತಾ ಇದೆ’ ಅನ್ನುತ್ತಿದ್ದ. ಮೈಯೆಲ್ಲ ವೈನ್ ವಾಸನೆ ಹೊತ್ತುಕೊಂಡು ಬರುತ್ತಿದ್ದ, ಕೆಳಗಿನ ಮನೆಯ ಅಜ್ಜಿ ‘ನಿನ್ನ ಮೈದುನ ಕೈತಪ್ಪಿದ ಕಣಮ್ಮ’ ಅಂತ ನನಗೆ ಬುದ್ಧಿ ಹೇಳಿದ್ದೂ ಆಯಿತು. ಅವನು ತೊಟ್ಟು ಕುಡಿದವನಲ್ಲ. ಆ ವಾಸನೆಗೇ ತಲೆ ಸಿಡಿಯುತ್ತದೆ ಅಂತ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದ.

ನನಗೂ ಪಾಠ ಮಾಡುತ್ತಿದ್ದ. ಮುಖಕ್ಕೆ ಬೆಳಕು ಬಿಟ್ಟರೆ ಮುಖ ಕಾಣುತ್ತದೆ, ಬಾಟಲಿಗೆ ಬಿಟ್ಟರೆ ದೀಪವೇ ಕಾಣುತ್ತದೆ, ಬಾಟಲಿ ಕಾಣುವುದಿಲ್ಲವಂತೆ. ‘ಬಾಟಲಿಗಲ್ಲ ಅತ್ತಿಗೆ, ಬಾಟಲಿ ಏನನ್ನ ನೋಡ್ತಾ ಇದೆಯೋ ಅದಕ್ಕೆ ಬೆಳಕು ಹಾಕಬೇಕು’ ಅಂದಿದ್ದ. ಎರಡೂ ಪಕ್ಕಕ್ಕೆ ಬಿಳಿ ಪರದೆ ಎಳೆದು ಅದರ ಹಿಂದೆ ಉದ್ದನೆಯ ದೀಪ ಇಟ್ಟರೆ, ಕುತ್ತಿಗೆಯಿಂದ ಭುಜಕ್ಕೆ, ಭುಜದಿಂದ ಹೊಟ್ಟೆಗೆ ಒಂದೇ ಬೆಳಕಿನ ಗೆರೆ ಇಳಿಯುತ್ತದೆ. ಅದು ಭುಜದ ಹತ್ತಿರ ಮುರಿಯದೆ ಇಳಿಯಬೇಕು, ಕಷ್ಟವೆಲ್ಲ ಅಲ್ಲೇ ಇರುವುದು. ಕೆಂಪು ವೈನ್ ಕ್ಯಾಮೆರಾಗೆ ಬರೀ ಕಪ್ಪಾಗಿ ಕಾಣುತ್ತದೆ ಅಂತ ಅರ್ಧ ಚೆಲ್ಲಿ ನೀರು ಬೆರೆಸುತ್ತಿದ್ದ. ಬೆಳ್ಳಿ ಕಾಗದವನ್ನು ಬಾಟಲಿಯ ಆಕಾರಕ್ಕೇ, ಅದಕ್ಕಿಂತ ಒಂದು ಚೂರು ಸಣ್ಣದಾಗಿ ಕತ್ತರಿಸಿ ಬೆನ್ನಿಗೆ ಅಂಟಿಸುತ್ತಿದ್ದ. ಆಗ ಒಳಗಿನಿಂದ ಕೆಂಡದ ಹಾಗೆ ಬೆಳಗುತ್ತದೆ. ಆ ಕಾಗದ ಕತ್ತರಿಸುವ ಕೆಲಸ ನನ್ನದು. ನಿಮ್ಮ ಕೈಯಲ್ಲಿ ಕತ್ತರಿ ನಡುಗಲ್ಲ ಅಂತ ಉಬ್ಬಿಸುತ್ತಿದ್ದ, ನಾನೂ ಉಬ್ಬುತ್ತಿದ್ದೆ. ಸುಳ್ಳು ಯಾಕೆ, ಆ ಸಂಜೆಗಳು ನನಗೆ ತುಂಬ ಇಷ್ಟವಾಗಿದ್ದವು.

ಸ್ಟುಡಿಯೋದಲ್ಲಿ ಫ್ಲ್ಯಾಶ್ ದೀಪಗಳಿಗೆ ಕರೆಂಟ್ ಕೊಡುವ ಒಂದು ಹಳೆಯ ಕಬ್ಬಿಣದ ಪೆಟ್ಟಿಗೆ ಇತ್ತು. ಅದು ಆಗಾಗ ಶಾಕ್ ಹೊಡೆಯುತ್ತಿತ್ತು. ಅದರ ಪ್ಲಗ್ಗಿನಲ್ಲಿ ಅರ್ಥ್ ಪಿನ್ನೇ ಇರಲಿಲ್ಲ, ಗೋಡೆಯ ತೂತಿಗೆ ಹಿಡಿಸುವುದಿಲ್ಲ ಅಂತ ಯಾರೋ ಯಾವತ್ತೋ ಮುರಿದಿದ್ದರಂತೆ. ‘ಇವತ್ತೂ ಪೆಟ್ಟಿಗೆ ಮುದ್ದು ಮಾಡಿತು ಅತ್ತಿಗೆ’ ಅಂತ ನಗುತ್ತಾ ಕೈ ಉಜ್ಜಿಕೊಂಡು ಬರುತ್ತಿದ್ದ. ನನಗೆ ಅದರ ಗಂಭೀರತೆ ತಿಳಿಯಲಿಲ್ಲ. ಇಸ್ತ್ರಿಪೆಟ್ಟಿಗೆ ಜುಂ ಅನ್ನಿಸುತ್ತದಲ್ಲ, ಹಾಗೆ ಅಂದುಕೊಂಡಿದ್ದೆ. ಅವನ ಜೊತೆಗಿದ್ದ ಸಹಾಯಕ ಮಾತ್ರ, ನನಗೆ ಹೆಂಡತಿ ಮಕ್ಕಳಿದ್ದಾರೆ ಅಂತ ಹೇಳಿ ಕೆಲಸ ಬಿಟ್ಟು ಹೋದ. ಯಜಮಾನರು ಬೇರೆ ಜನ ಇಡಲಿಲ್ಲ. ಅದಕ್ಕೇ ಹದಿಮೂರನೇ ತಾರೀಖು ಶನಿವಾರ ಪೀಚು ನನ್ನನ್ನು ಕರೆದದ್ದು. ‘ಒಂದು ದಿನ ರಜ ಹಾಕಿ ಬನ್ನಿ ಅತ್ತಿಗೆ, ಬಿಳಿ ಕಾರ್ಡ್ ಹಿಡಿಯೋಕೆ ಒಂದು ಕೈ ಬೇಕು, ಮಧ್ಯಾಹ್ನ ಹೊರಗಡೆ ಊಟ ಕೊಡಿಸ್ತೀನಿ.’ ನಾನು ಚೆನ್ನಾಗಿರುವ ನೀಲಿ ಸೀರೆ ಉಟ್ಟುಕೊಂಡು ಹೋದೆ. ಬಾಟಲಿಗೆ ನಿಮ್ಮ ನೀಲಿ ಕಾಣುತ್ತೆ ಅಂತ ನಕ್ಕು, ಅವನ ಕಪ್ಪು ಕೋಟು ಮೇಲೆ ತೊಡಿಸಿದ.

ಆ ಕೋಣೆ ಹೇಗಿದೆ ಅಂತ ನೀವು ನೋಡಿಲ್ಲ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ, ಮಧ್ಯೆ ಒಂದು ಮೇಜು, ಮೇಜಿನ ಮೇಲೆ ಯಾವುದೋ ಹಳೇ ಬಾಗಿಲಿನ ಹಲಗೆ. ಅದರ ಮೇಲೆ ಒಂದು ಬಾಟಲಿ, ಅರ್ಧ ತುಂಬಿದ ಒಂದು ಗ್ಲಾಸು, ಒಂದು ಗೊಂಚಲು ದ್ರಾಕ್ಷಿ. ನೆಲದ ಮೇಲೆ ಹಾಸಿದ ಬಿಳಿ ಕಾಗದ ಕೊಳೆಯಾಗಬಾರದು ಅಂತ ಎಲ್ಲರೂ ಬರಿಗಾಲಲ್ಲೇ ಓಡಾಡಬೇಕು. ಬೆಳಿಗ್ಗೆಯೆಲ್ಲ ಆ ಮೂರು ಸಾಮಾನುಗಳನ್ನೇ ಹಿಂದೆ ಮುಂದೆ ಸರಿಸಿದ. ದ್ರಾಕ್ಷಿ ಬಾಟಲಿಗೆ ಅಂಟಿಕೊಂಡರೆ ಇಬ್ಬರಿಗೂ ಉಸಿರು ಕಟ್ಟುತ್ತದಂತೆ, ದೂರವಾದರೆ ಜಗಳ ಆಡಿದವರ ಹಾಗೆ ಕಾಣುತ್ತದಂತೆ. ಲೇಬಲ್ ಕ್ಯಾಮೆರಾ ಕಡೆ ನೆಟ್ಟಗೆ ನೋಡಬೇಕು, ಆದರೆ ನೆಟ್ಟಗೆ ನೋಡುತ್ತಿದೆ ಅಂತ ಅನ್ನಿಸಬಾರದು. ಬಿಳಿ ಕೈಗವಸು ಹಾಕಿಕೊಂಡು ಬಾಟಲಿಯನ್ನು ಕೂದಲೆಳೆಯಷ್ಟು ತಿರುಗಿಸುವುದು, ಕ್ಯಾಮೆರಾ ಹತ್ತಿರ ಓಡುವುದು, ಮೂಗು ಮುರಿಯುವುದು, ಮತ್ತೆ ಬರುವುದು. ನೀವು ಎಂಜಿನ್ ಶಬ್ದಕ್ಕೆ ಕಿವಿ ಕೊಟ್ಟು ನಿಲ್ಲುತ್ತೀರಲ್ಲ, ಆಗ ನಿಮ್ಮ ಹುಬ್ಬು ಹೇಗಾಗುತ್ತದೋ ಅವನದೂ ಹಾಗೇ ಆಗಿತ್ತು. ಅಣ್ಣತಮ್ಮಂದಿರು ಅಂತ ಅವತ್ತು ನೋಡಿದವರು ಯಾರು ಬೇಕಾದರೂ ಹೇಳಬಹುದಿತ್ತು.

ಹನ್ನೊಂದು ಗಂಟೆಯ ಸುಮಾರಿಗೆ ಯಜಮಾನರು ಬಂದರು. ಕಂಪನಿಯ ಮೇಡಂ ಮಧ್ಯಾಹ್ನ ನೋಡಲು ಬರುತ್ತಾರೆ, ಬಾಟಲಿ ಈಗಷ್ಟೇ ತಣ್ಣನೆಯ ನೆಲಮಾಳಿಗೆಯಿಂದ ತಂದ ಹಾಗೆ ಮೈತುಂಬ ಹನಿ ಇರಬೇಕು, ಒಂದೆರಡು ಹನಿ ಇಳಿಯುತ್ತಿರಬೇಕು ಅಂದರು. ಇಳಿಯುವ ಹನಿಯನ್ನು ಹಿಡಿಯಲು ಜೋರಾದ ಫ್ಲ್ಯಾಶ್ ಬೇಕು. ಹೊಸ ಪೆಟ್ಟಿಗೆ ಬೇರೆ ಕಡೆ ಕೆಲಸಕ್ಕೆ ಹೋಗಿತ್ತು. ಹಳೇದನ್ನೇ ಹಾಕು ಅಂದರು. ಇಲ್ಲಿಂದ ಮುಂದಿನದ್ದನ್ನು ನಾನು ಕೇಳಿದ ಹಾಗೇ ಬರೆಯುತ್ತೇನೆ, ಒಂದು ಮಾತೂ ಸೇರಿಸುವುದಿಲ್ಲ. ಪೀಚು, ‘ಅದಕ್ಕೆ ಅರ್ಥ್ ಇಲ್ಲ ಯಜಮಾನ್ರೇ, ನೀರಿನ ಕೆಲಸಕ್ಕೆ ಅದು ಬೇಡ, ಸೋಮವಾರ ಮಾಡೋಣ’ ಅಂದ. ಅವರು, ‘ಇಷ್ಟು ವರ್ಷ ಏನೂ ಮಾಡದೇ ಇದ್ದದ್ದು ಇವತ್ತು ತಿಂದುಬಿಡುತ್ತಾ? ಆ ಮೂಲೇಲಿ ರಬ್ಬರ್ ಚಪ್ಪಲಿ ಇದೆ, ಹಾಕ್ಕೊಂಡು ಮಾಡು’ ಅಂದು ಹೊರಗೆ ಹೋದರು. ಕೋಪದಲ್ಲೇನೂ ಹೇಳಲಿಲ್ಲ, ಬೆನ್ನು ತಟ್ಟಿಯೇ ಹೇಳಿದರು.

ಮೂಲೆಯಲ್ಲಿ ಚಪ್ಪಲಿ ಇತ್ತು, ಒಂದೇ ಜೊತೆ. ಅವನು ಅದನ್ನು ತಂದು ನನ್ನ ಕಾಲ ಹತ್ತಿರ ಇಟ್ಟ. ‘ನೀವು ಹಾಕ್ಕೊಳ್ಳಿ ಅತ್ತಿಗೆ, ನೀರು ಇರೋದು ನಿಮ್ಮ ಕೈಲಿ.’ ಮತ್ತೆ ನಿನಗೆ ಅಂತ ಕೇಳಿದೆ. ‘ನನಗೂ ಅದಕ್ಕೂ ಹಳೇ ಸಲಿಗೆ’ ಅಂದ.

ಈ ಚಪ್ಪಲಿಯ ವಿಷಯ ನಾನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ ರೀ.

ನೀರಿಗೆ ಗ್ಲಿಸರಿನ್ ಬೆರೆಸಿ ಸ್ಪ್ರೇ ಬಾಟಲಿಯಲ್ಲಿ ತುಂಬಿಕೊಟ್ಟಿದ್ದ. ಅವನು ಹೇಳಿದಾಗೆಲ್ಲ ನಾನು ಸಿಂಪಡಿಸುತ್ತಿದ್ದೆ. ಹನಿ ಮಣಿಮಣಿಯಾಗಿ ಕೂರುತ್ತಿತ್ತು. ಸಾಲದು ಇನ್ನೊಂದು ಸಲ, ಸಾಲದು ಇನ್ನೊಂದು ಸಲ ಅಂತ ಮೇಜಿನಿಂದ ನೆಲಕ್ಕೂ ಇಳಿಯಿತು. ನಾನು ಒಂದೆರಡು ಸಲ ಒರೆಸಿದೆ, ಮತ್ತೆ ಒದ್ದೆಯಾಯಿತು. ಫ್ಲ್ಯಾಶ್ ಹೊಡೆದಾಗೆಲ್ಲ ಪೆಟ್ಟಿಗೆ ಠಪ್ ಅನ್ನುತ್ತಿತ್ತು. ಆಮೇಲೆ ಒಂದು ಹನಿ ಭುಜದಿಂದ ಹೊರಟು ಆ ಬೆಳಕಿನ ಗೆರೆಯ ಪಕ್ಕದಲ್ಲೇ ಇಳಿದು ಲೇಬಲ್ಲಿನ ಅಂಚಿಗೆ ಬಂದು ನಿಂತಿತು. ಠಪ್ ಅಂತು. ಅವನು ಕ್ಯಾಮೆರಾದ ಹಿಂದೆ ನೋಡಿ, ‘ಬಂತು’ ಅಂದ. ಕೂಗಲಿಲ್ಲ, ಮಲಗಿದ ಮಗು ಏಳಬಾರದು ಅನ್ನುವ ಹಾಗೆ ಮೆಲ್ಲಗೆ ಅಂದ. ಬಂದು ನೋಡಿ ಅತ್ತಿಗೆ, ಇನ್ನೊಂದೇ ಒಂದು ತೆಗೀತೀನಿ, ಎಡಗಡೆ ದೀಪ ಬೆರಳಷ್ಟು ಒಳಗೆ ಬರಲಿ ಅಂತ ಹೇಳುತ್ತಲೇ ಹೋಗಿ, ಹನಿ ತಿದ್ದಿ ಒದ್ದೆಯಾಗಿದ್ದ ಬರಿಗೈಯಲ್ಲೇ ದೀಪದ ಕಬ್ಬಿಣದ ಸ್ಟ್ಯಾಂಡ್ ಹಿಡಿದ.

ಕೂಗಲೇ ಇಲ್ಲ. ಸುಮ್ಮನೆ ನಿಂತ. ಬೆನ್ನು ನೆಟ್ಟಗಾಯಿತು. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಅಡುಗೆಮನೆಯಲ್ಲಿ ಸ್ವಿಚ್ ಮುಟ್ಟಿ ನಡುಗಿದ ಹಾಗೆ ನಟಿಸಿ ನನ್ನ ಜೀವ ತೆಗೆದವನಲ್ಲವೇ ಅವನು. ಲೇ ಸಾಕು ಅಂದೆ. ಆಮೇಲೆ ಕಣ್ಣು ನೋಡಿದೆ. ಸ್ವಿಚ್ ಎಲ್ಲಿದೆ ಅಂತ ನನಗೆ ಗೊತ್ತಿಲ್ಲ, ಎಲ್ಲ ಕಡೆ ಕಪ್ಪು ಬಟ್ಟೆ. ಪೆಟ್ಟಿಗೆಯ ವೈರು ಹಿಡಿದು ಎಲ್ಲಿಗೆ ಹೋಗುತ್ತದೋ ಅಂತ ಓಡಿ, ಬಟ್ಟೆ ಸಮೇತ ಎಳೆದುಬಿಟ್ಟೆ. ಅವನು ಮೇಜಿನ ಮೇಲೆ ಬಿದ್ದ, ಮೇಜು ನೆಲಕ್ಕೆ ಬಿತ್ತು. ಬಿಳಿ ಕಾಗದದ ತುಂಬ ಕೆಂಪು. ಓಡಿ ಬಂದವರೆಲ್ಲ ರಕ್ತ ರಕ್ತ ಅಂತ ಕಿರುಚಿದರು. ರಕ್ತ ಒಂದು ತೊಟ್ಟೂ ಇರಲಿಲ್ಲ. ಬಲಗೈಯ ಅಂಗೈಯಲ್ಲಿ ಒಂದು ಸಣ್ಣ ಬಿಳಿ ಗುರುತು, ಅಷ್ಟೇ. ಮುಖ ಹಾಗೇ ಇತ್ತು. ನಿಮಗೆ ಅದೊಂದು ತಿಳಿದಿರಲಿ, ಮುಖ ಹಾಗೇ ಇತ್ತು.

ಯಜಮಾನರನ್ನು ರಾಕ್ಷಸ ಅಂದುಕೊಳ್ಳಬೇಡಿ. ಅವರೇ ಅವನನ್ನು ಎತ್ತಿಕೊಂಡು ಮೆಟ್ಟಿಲಿಳಿದರು, ಅವರೇ ಕಾರು ಓಡಿಸಿದರು, ದಾರಿಯುದ್ದಕ್ಕೂ ಮಗುವಿನ ಹಾಗೆ ಅತ್ತರು. ಆಸ್ಪತ್ರೆಯ ಬಾಗಿಲಿನಲ್ಲಿ ಪೊಲೀಸಿನವರು ಏನಾಯಿತು ಅಂತ ಕೇಳುವವರೆಗೂ ಅವರ ಅಳು ನಿಜವೇ ಆಗಿತ್ತು. ಆಗ ಒಂದು ಕ್ಷಣ ನನ್ನ ಮುಖ ನೋಡಿದರು, ಆಮೇಲೆ ಬೇರೆ ಕಡೆ ನೋಡಿ, ಕೆಲಸ ಮಾಡ್ತಾ ಇದ್ದ, ಎದೆ ಹಿಡ್ಕೊಂಡು ಬಿದ್ದ ಅಂದುಬಿಟ್ಟರು. ನಾನು ಅದನ್ನು ಕೇಳಿಸಿಕೊಂಡೂ ಸ್ಟ್ರೆಚರಿನ ಹಿಂದೆ ಒಳಗೆ ಓಡಿದೆ. ಚಿಕ್ಕಪ್ಪ ಬಂದಾಗ ಯಜಮಾನರು, ಇವನಿಗೆ ಮೊದಲೇ ಏನಾದರೂ ಕಾಯಿಲೆ ಇತ್ತಾ ಅಂತ ಅವರನ್ನು ಹಿಡಿದುಕೊಂಡರು. ಪಾಪ ಚಿಕ್ಕಪ್ಪ, ಪೀಚು ಚಿಕ್ಕವನಿದ್ದಾಗ ಬಿಸಿಲಲ್ಲಿ ಓಡಿ ಒಂದು ಸಲ ತಲೆಸುತ್ತಿ ಬಿದ್ದದ್ದನ್ನು ನೆನೆಸಿಕೊಂಡು ಅತ್ತರು. ಅಷ್ಟು ಸಾಕಾಯಿತು. ಸಂಜೆಯೊಳಗೆ ಅವನಿಗೆ ಹುಟ್ಟಿನಿಂದಲೇ ಎದೆ ದುರ್ಬಲ ಅಂತ ಆಗಿಹೋಗಿತ್ತು. ಅಂಗೈಯ ಗುರುತಿಗೆ, ದೀಪದ ಕೆಲಸದವನ ಕೈಯಲ್ಲಿ ಸುಟ್ಟ ಕಲೆ ಇರದೇ ಇರುತ್ತದೆಯೇ ಅಂದರಂತೆ. ಡಾಕ್ಟರು ಕೂಡ ‘ಎದೆಬಡಿತ ನಿಂತು ಸಾವು’ ಅಂತ ಬರೆದರು. ಯಾರು ಸತ್ತರೂ ಅದು ನಿಂತೇ ನಿಲ್ಲುತ್ತದಲ್ಲ.

ಅವನನ್ನು ಕಳಿಸಿಕೊಟ್ಟ ಎರಡು ದಿನಕ್ಕೆ ನಾನೇ ಠಾಣೆಗೆ ಹೋಗಿ ನಡೆದದ್ದನ್ನು ಹೇಳಿದೆ. ಅಲ್ಲಿನ ಅಧಿಕಾರಿ ಒಳ್ಳೆಯವರು, ಕೂರಿಸಿ ಕೇಳಿದರು, ನನ್ನನ್ನೂ ಕರೆದುಕೊಂಡು ಸ್ಟುಡಿಯೋಗೆ ಹೋದರು. ಹಳೇ ಪೆಟ್ಟಿಗೆ ಅಲ್ಲಿರಲಿಲ್ಲ. ಅದೇ ಜಾಗದಲ್ಲಿ ಹೊಸದು, ಮೂರೂ ಪಿನ್ನು ಮಿರಮಿರ ಮಿಂಚುತ್ತಿದ್ದವು. ಹಳೇದು ಅಂತ ಒಂದು ಇರಲೇ ಇಲ್ಲ ಅಂದರು ಯಜಮಾನರು. ಬರುವಾಗ ಅಲ್ಲಿನ ಕಂಪ್ಯೂಟರಿನ ಮೇಲೆ ಆ ಫೋಟೋ ತೆರೆದಿತ್ತು. ನಿಂತು ನೋಡಿದೆ. ಗೆರೆ ಎಲ್ಲೂ ಮುರಿದಿಲ್ಲ. ಹನಿ ಲೇಬಲ್ಲಿನ ಅಂಚಿನಲ್ಲಿ ನಿಂತಿದೆ. ಒಳಗೆ ಕೆಂಡದಂಥ ಕೆಂಪು, ನಾನು ಕತ್ತರಿಸಿದ ಕಾಗದ ಒಂದು ಚೂರೂ ಕಾಣುತ್ತಿಲ್ಲ. ಅಷ್ಟು ಚೆಂದವಾಗಿದೆಯಲ್ಲ ಅಂತ ಹೊಟ್ಟೆ ಉರಿದುಹೋಯಿತು. ಕಂಪನಿಯ ಮೇಡಂಗೆ ತುಂಬ ಹಿಡಿಸಿದೆಯಂತೆ. ನಮ್ಮವರಿಗೆ ಕಳಿಸಬೇಕು, ಒಂದು ಪ್ರತಿ ಕೊಡಿ ಅಂತ ಯಜಮಾನರನ್ನು ಕೇಳಿದೆ. ಎಲ್ಲ ತಣ್ಣಗಾಗಲಿ ತಾಯಿ, ಆಮೇಲೆ ಕೊಡ್ತೀನಿ ಅಂದರು.

ಅದೇ ಸಂಜೆ ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಂದರು. ಆಕೆ ನನ್ನ ಕೈ ಹಿಡಿದುಕೊಂಡು ಕೂತರು. ಯಜಮಾನರು ಅಡುಗೆಮನೆಯ ನಿಮ್ಮ ಕುರ್ಚಿಯಲ್ಲಿ ಕೂತು ನೆಲ ನೋಡುತ್ತಾ, ‘ನಾನು ಹೇಳಬಾರದು ಅಂತಿದ್ದೆ ತಾಯಿ. ವಿಚಾರಣೆ ಅಂತ ಆದರೆ ನೀರು ಚೆಲ್ಲಿದ್ದು ಯಾರು ಅಂತ ಕೇಳ್ತಾರೆ. ನಿಮ್ಮ ಕೈಲಿದ್ದದ್ದು ತಾನೇ? ನಿಮ್ಮ ಯಜಮಾನ್ರಿಗೆ ಏನು ಹೇಳ್ತೀರಿ?’ ಅಂದರು.

ಏನು ಹೇಳುತ್ತೀನಿ ಅಂತ ಕೇಳಿದರಲ್ಲ, ಇದೇ ಹೇಳುತ್ತಿದ್ದೇನೆ. ನೀರು ನನ್ನ ಕೈಯಲ್ಲೇ ಇತ್ತು. ನೆಲ ಒದ್ದೆಯಾಗಿದ್ದು ನಾನು ಸಿಂಪಡಿಸಿದ ನೀರಿನಿಂದಲೇ. ಅವರು ಹೋದ ಮೇಲೆ ಒಂದು ಇಡೀ ದಿನ ನಾನು ಹಾಸಿಗೆ ಬಿಟ್ಟು ಏಳಲಿಲ್ಲ. ನೀವು ಇದನ್ನು ಓದಿ ನನ್ನ ಮುಖ ನೋಡುವುದಿಲ್ಲ ಅಂದರೂ ನಾನು ಏನೂ ಅನ್ನುವುದಿಲ್ಲ. ಆದರೆ ಬೇರೆಯವರ ಬಾಯಿಂದ ನಿಮಗೆ ಇದು ಮುಟ್ಟಬಾರದು ಅನ್ನಿಸಿತು. ನೀವೂ ಒಂದು ಮಾತು ಕೇಳಿ. ಕಡಲು ಬೇಡ, ನನ್ನ ಕಿವಿ ಹಾಳಾದದ್ದು ಸಾಕು, ನೀನು ನೆಲದ ಮೇಲೆ ಬದುಕು ಅಂತ ಅವನನ್ನು ಸ್ಟುಡಿಯೋಗೆ ಸೇರಿಸಿದ್ದು ನೀವೇ ಅಂತ ಈಗ ಅಲ್ಲಿ ಕೂತು ತಲೆ ಚಚ್ಚಿಕೊಳ್ಳುತ್ತಿರುತ್ತೀರಿ, ನಿಮ್ಮನ್ನು ನಾನು ಬಲ್ಲೆ. ಅವನು ಆ ಕೆಲಸದಲ್ಲಿ ಸಂತೋಷವಾಗಿದ್ದ. ನೀರು ಚೆಲ್ಲಿದ್ದರಿಂದ ಯಾರೂ ಸಾಯುವುದಿಲ್ಲ, ನಾನು ದಿನಾ ನೆಲ ಒರೆಸುತ್ತೇನೆ. ಮುರಿದ ಪಿನ್ನಿನ ಪೆಟ್ಟಿಗೆಯನ್ನು, ಬೇಡ ಅಂದವನ ಕೈಗೆ ಕೊಟ್ಟದ್ದರಿಂದ ಅವನು ಸತ್ತ. ಇದನ್ನು ನನಗೆ ನಾನೇ ಹೇಳಿಕೊಂಡು ಎದ್ದೆ.

ಎದ್ದು, ಕೆಲಸ ಬಿಟ್ಟ ಆ ಸಹಾಯಕನನ್ನು ಹುಡುಕಿಕೊಂಡು ಹೋದೆ. ಈಗ ಬಸ್ ತೊಳೆಯುವ ಕಡೆ ಇದ್ದಾನೆ. ನನ್ನನ್ನು ಕಂಡವನೇ, ನನಗೆ ಏನೂ ಗೊತ್ತಿಲ್ಲಮ್ಮ ಅಂತ ಒಳಗೆ ಹೋದ. ನಾನು ಗೇಟಿನ ಹತ್ತಿರ ನಿಂತೇ ಇದ್ದೆ. ಕೆಲಸ ಮುಗಿಸಿ ಬಂದು ನನ್ನ ಪಕ್ಕ ನಡೆದ. ಬಸ್ ನಿಲ್ದಾಣದಲ್ಲಿ ತನ್ನ ಎಡಗೈ ಚಾಚಿ ತೋರಿಸಿದ. ಅದೇ ಬಿಳಿ ಗುರುತು, ಹಳೆಯದು. ‘ನಾನು ಬರ್ತೀನಿ, ಆದರೆ ಮನೆಯವರು ಯಾರಾದರೂ ಗಟ್ಟಿಯಾಗಿ ನಿಲ್ಲಬೇಕು’ ಅಂದ. ನಾನು ನಿಂತಿದ್ದೇನೆ ಅಂದೆ. ಮುಂದಿನ ತಿಂಗಳ ಮೊದಲ ವಾರ ವಿಚಾರಣೆ. ಅಧಿಕಾರಿ ಒಂದೇ ಮಾತು ಹೇಳಿದ್ದಾರೆ: ಮನೆಯವರ ಮಾತು ಎರಡಾಗಬಾರದು.

ಅಡುಗೆಮನೆಯ ಮೇಜಿನ ಮೇಲೆ ಅವನು ನಿಲ್ಲಿಸಿದ್ದ ಬಾಟಲಿಗಳನ್ನು ಇನ್ನೂ ಹಾಗೇ ಬಿಟ್ಟಿದ್ದೇನೆ, ಕೆಳಗೆ ಕೂತು ಊಟ ಮಾಡುತ್ತೇನೆ. ನೀವು ಬಂದ ಮೇಲೆ ಇಬ್ಬರೂ ಸೇರಿ ತೆಗೆಯೋಣ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಒಬ್ಬರೇ ಡೆಕ್ಕಿನ ಮೇಲೆ ಹೋಗಿ ನಿಲ್ಲಬೇಡಿ, ಅಡುಗೆಯವರ ಹತ್ತಿರ ಕೂತು ಮಾತಾಡಿ, ಅಳು ಬಂದರೆ ಅತ್ತುಬಿಡಿ. ಅವರ ಕೈಯಲ್ಲಿ ನಿಮ್ಮ ದಪ್ಪ ಬನಿಯನ್ನು ಎರಡು, ಸೊಂಟಕ್ಕೆ ಹಚ್ಚುವ ಎಣ್ಣೆ ಕಳಿಸಿದ್ದೇನೆ. ಕಡಲು ನಿಮ್ಮನ್ನಾದರೂ ಜೋಪಾನವಾಗಿ ಇಟ್ಟುಕೊಳ್ಳಲಿ.

ನಿಮ್ಮ ದಾರಿ ಕಾಯುತ್ತಾ,
ಇವಳು

ಮರೆತದ್ದಲ್ಲ, ಈಗ ಗೊತ್ತಾದದ್ದು: ಅಡುಗೆಯವರು ಬಂದು ಬಾಗಿಲಲ್ಲೇ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೂಡಿಸಿಕೊಂಡು ಓದಿ. ಅವರೇ ಹೇಳಿದರು, ನಿನ್ನೆ ಹಡಗಿನ ಕಚೇರಿಗೆ ಸ್ಟುಡಿಯೋ ಕಡೆಯವರು ಇಬ್ಬರು ಬಂದು, ನಿಮ್ಮ ಹಡಗು ಯಾವ ಬಂದರಿಗೆ ಯಾವಾಗ ಬರುತ್ತದೆ ಅಂತ ಕೇಳಿ ಬರೆದುಕೊಂಡು ಹೋದರಂತೆ. ಒಡಹುಟ್ಟಿದವರು ನೀವೊಬ್ಬರೇ ಅಲ್ಲವೇ, ಅವರಿಗೆ ಬೇಕಾಗಿರುವುದು ನಿಮ್ಮ ಸಹಿ. ತಮ್ಮನಿಗೆ ಹುಟ್ಟಿನಿಂದ ಎದೆಯ ಕಾಯಿಲೆ ಇತ್ತು, ನಮ್ಮದೇನೂ ತಕರಾರಿಲ್ಲ ಅಂತ ಬರೆದ ಕಾಗದ ಹಿಡಿದುಕೊಂಡು ಬರುತ್ತಾರೆ. ಬಹಳ ಮೆತ್ತಗೆ ಮಾತಾಡುತ್ತಾರೆ, ಆ ಫೋಟೋದ ಪ್ರತಿಯನ್ನೂ ನಿಮ್ಮ ಕೈಗೆ ಇಡಬಹುದು. ಫೋಟೋ ತೆಗೆದುಕೊಳ್ಳಿ. ಸಹಿ ಹಾಕಬೇಡಿ. ನಿಮ್ಮ ಹೆಂಡತಿ ಆಗಲೇ ಒಪ್ಪಿದ್ದಾರೆ ಅಂತ ಹೇಳುತ್ತಾರೆ. ನಾನು ಒಪ್ಪಿಲ್ಲ.